ಶಿವಪ್ಪನಾಯಕನ ಹೆಸರು, ಹೈದರಾಲಿಯ ಕಾಲದ ಕಟ್ಟಡ

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ತುಂಗೆಯ ದಂಡೆಗೆ ಸಮೀಪದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಊರಿನವರು ಆ ಹೆಸರಿನಿಂದ ಕರೆಯುವುದು ಅಪರೂಪ. ಆಟೋದವರಿಗೂ ಶಾಲಾ ಮಕ್ಕಳಿಗೂ ಅದು ಶಿವಪ್ಪನಾಯಕನ ಅರಮನೆ. ಆದರೆ ಈಗ ನಿಂತಿರುವ ಕಟ್ಟಡ ಹದಿನೆಂಟನೆಯ ಶತಮಾನದ್ದು, ಹೈದರಾಲಿಯ ಕಾಲದ್ದು ಎಂಬುದು ಪುರಾತತ್ವಜ್ಞರ ಅಭಿಪ್ರಾಯ. ಕೆಳದಿಯ ಅರಸ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ.

ಕಟ್ಟಡವೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಎರಡು ಅಂತಸ್ತಿನ ಎತ್ತರಕ್ಕೆ ಏರಿದ ದರ್ಬಾರಿನ ಹಜಾರ, ಅದನ್ನು ಹೊತ್ತು ನಿಂತ ದಪ್ಪ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಹೂವಿನ ಎಸಳಿನಂತೆ ಬಾಗಿದ ಅಂಚಿನ ಕಮಾನುಗಳು, ಅಕ್ಕಪಕ್ಕದಲ್ಲಿ ಹಜಾರಕ್ಕೆ ಮುಖ ಮಾಡಿದ ಮೊಗಸಾಲೆಗಳಿರುವ ಮೇಲಿನ ಕೋಣೆಗಳು. 1791ರಲ್ಲಿ ಮುಗಿದ ಬೆಂಗಳೂರಿನ ಟಿಪ್ಪುವಿನ ಬೇಸಿಗೆ ಅರಮನೆಯನ್ನು ನೋಡಿದವರಿಗೆ ಇಲ್ಲಿಗೆ ಬಂದೊಡನೆ ಹಳೆಯ ಪರಿಚಯದ ಮನೆಗೆ ಕಾಲಿಟ್ಟಂತಾಗುತ್ತದೆ.

ಕೆಳದಿ ಅರಸರ ರಾಜಧಾನಿ ಯಾವ ಕಾಲಕ್ಕೂ ಶಿವಮೊಗ್ಗವಾಗಿರಲಿಲ್ಲ. ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ 1640ರ ಸುಮಾರಿಗೆ ಬಿದನೂರಿಗೆ ಅದು ಸ್ಥಳಾಂತರವಾಯಿತು. ಶಿವಪ್ಪನಾಯಕ ಆಳಿದ್ದು ಬಿದನೂರಿನಿಂದ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು, ಅದಕ್ಕೆ ಹೈದರನಗರವೆಂದು ಹೆಸರಿಟ್ಟ. ಇಂದಿನ ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನ ಹೆಸರಿನಲ್ಲಿ ಉಳಿದಿರುವುದು ಅದರ ಅರ್ಧಭಾಗ. ಶಿವಮೊಗ್ಗದ ಕೋಟೆಯೂ ಮೈಸೂರಿನ ಕೈಗೆ ಬಂದು, ಟಿಪ್ಪುವಿನ ಕಾಲದಲ್ಲಿ ಯುದ್ಧದ ಪೆಟ್ಟು ತಿಂದಿತು: 1791ರ ಡಿಸೆಂಬರ್ ಕೊನೆಯಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯವೂ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ತುಕಡಿಯೂ ಊರ ಹೊರಗೆ ಟಿಪ್ಪುವಿನ ಪಡೆಯನ್ನು ಸೋಲಿಸಿದವು; ಕೆಲವೇ ದಿನಗಳಲ್ಲಿ ಕೋಟೆ ಶರಣಾಯಿತು.

ಹೀಗಿದ್ದೂ ಶಿವಪ್ಪನಾಯಕನ ಹೆಸರೇ ನಿಂತದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಮಲೆನಾಡಿನ ರೈತ ಅವನನ್ನು ನೆನೆಯುವುದು ಕಂದಾಯದ ‘ಶಿಸ್ತಿ’ನಿಂದಾಗಿ. ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ ಮುಂತಾಗಿ ವಿಂಗಡಿಸಿ, ಹನ್ನೆರಡು ವರ್ಷ ಸರ್ಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಇಳುವರಿಯ ಲೆಕ್ಕ ಇಡಿಸಿ, ಆಮೇಲೆ ತೆರಿಗೆ ಗೊತ್ತುಪಡಿಸಿದನೆಂದು ಹೇಳುತ್ತಾರೆ. ಗದ್ದೆ ತೋಟಗಳ ಲೆಕ್ಕದಲ್ಲಿ ಸೇರಿಹೋದ ಹೆಸರನ್ನು ಕಂಬದ ಕೆತ್ತನೆ ನೋಡಿ ಅಳಿಸಿಹಾಕುವುದು ಸುಲಭವಲ್ಲ, ಅಳಿಸಬೇಕಾದ ಅಗತ್ಯವೂ ಇಲ್ಲ. ಆ ಹೆಸರಿನ ಪಕ್ಕದಲ್ಲಿ ಕಟ್ಟಡದ ಕಾಲವನ್ನೂ ನಾಲ್ಕು ಸಾಲುಗಳಲ್ಲಿ ಬರೆದು, ಬಾಗಿಲಲ್ಲೇ ಓದಲು ಸಿಗುವಂತೆ ಇಟ್ಟರೆ ಸಾಕು.

ಅರಮನೆಯ ಒಳಗೂ ಅಂಗಳದಲ್ಲೂ ಇರುವ ಶಿಲ್ಪಗಳು, ವೀರಗಲ್ಲುಗಳು, ಸಹಗಮನ ಮಾಡಿದ ಹೆಂಗಸರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳು ಇನ್ನೊಂದು ಚರಿತ್ರೆಗೆ ಸೇರಿದವು. ಹೊಯ್ಸಳ, ಕೆಳದಿ ಕಾಲಗಳ ಈ ಕಲ್ಲುಗಳಿಗೂ ಅರಮನೆಗೂ ಹುಟ್ಟಿನ ಸಂಬಂಧವಿಲ್ಲ. ವೀರಗಲ್ಲು ಮೂಲತಃ ಊರ ಬಾಗಿಲು, ಕೆರೆ ಏರಿ, ದೇವಸ್ಥಾನದ ಅಂಗಳಗಳದ್ದು. ಕೆಳಗಿನ ಪಟ್ಟಿಕೆಯಲ್ಲಿ ತುರು ಬಿಡಿಸಲು ಹೋರಾಡುವ ವೀರ, ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಒಂದೇ ಒಂದು ತೋಳು. ಮಣಿಕಟ್ಟಿನಲ್ಲಿ ಬಳೆಗಳು, ಬೆರಳುಗಳ ನಡುವೆ ನಿಂಬೆಹಣ್ಣು. ಮಳೆಗಾಲದಲ್ಲಿ ಹೊರಗಿನ ಕಲ್ಲುಗಳ ಮೇಲೆ ಹಾವಸೆ ಕಟ್ಟಿದಾಗ, ಕೆತ್ತನೆಯ ಗೆರೆಗಳನ್ನು ಕಣ್ಣಿಗಿಂತ ಬೆರಳೇ ಬೇಗ ಗುರುತಿಸುತ್ತದೆ (ಮುಟ್ಟಬಾರದು ಎಂಬುದು ಗೊತ್ತಿದ್ದೂ ಹೇಳುತ್ತಿದ್ದೇನೆ).

ಶಾಸನತಜ್ಞ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ, ಈ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ ಮತ್ತು ಅದು ಇದ್ದ ಊರು ದೊರೆಯಿತು. ಕಲ್ಲು ಊರು ಬಿಟ್ಟು ಸಂಗ್ರಹಾಲಯಕ್ಕೆ ಬಂದಾಗ ಕಳ್ಳತನದಿಂದ, ಒಗೆಯುವ ಕಲ್ಲಾಗುವ ಗತಿಯಿಂದ ಪಾರಾಗುತ್ತದೆ ನಿಜ. ಆದರೆ ಯಾವ ಊರಿನ ಯಾವ ಕೆರೆಯ ಏರಿಯಲ್ಲಿತ್ತು ಎಂಬ ಮಾಹಿತಿ ಜೊತೆಯಲ್ಲಿ ಬಾರದಿದ್ದರೆ ಅದು ಬರಿಯ ಕೆತ್ತನೆಯಾಗಿ ಉಳಿಯುತ್ತದೆ.

ಬೇರೆ ಕೆಲಸಕ್ಕೆ ಕಟ್ಟಿದ ಮನೆಯಲ್ಲಿ ಬೇರೆ ಕಾಲದ ಕಲ್ಲುಗಳನ್ನು ಇಡುವ ಪರಿಪಾಠ ನಮ್ಮಲ್ಲಿ ಮಾತ್ರ ಇರುವುದಲ್ಲ. ಹಳೆಯ ಗೋವಾದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವಸ್ತುಸಂಗ್ರಹಾಲಯವಿರುವುದು ಸಂತ ಫ್ರಾನ್ಸಿಸರ ಚರ್ಚಿಗೆ ಸೇರಿದ್ದ ಕಾನ್ವೆಂಟಿನಲ್ಲಿ. ನಮ್ಮ ಕಡೆ ಕಾನ್ವೆಂಟ್ ಎಂದರೆ ಇಂಗ್ಲಿಷ್ ಶಾಲೆ. ಅಲ್ಲಿ ಅದು ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠವಾಗಿತ್ತು. ಪೋರ್ಚುಗೀಸ್ ಸರ್ಕಾರ 1830ರ ದಶಕದಲ್ಲಿ ಸನ್ಯಾಸಿ ಪಂಥಗಳನ್ನು ರದ್ದು ಮಾಡಿದ ಮೇಲೆ ಮಠ ಬರಿದಾಯಿತು. ವಸ್ತುಸಂಗ್ರಹಾಲಯ ಬಂದದ್ದು ಗೋವಾ ವಿಮೋಚನೆಯ ನಂತರ, 1964ರಲ್ಲಿ. ಒಳಗೆ ಕದಂಬರ ಕಾಲದ ವೀರಗಲ್ಲುಗಳಿವೆ, ಮಾಸ್ತಿಕಲ್ಲುಗಳೂ ಇವೆ. ಮಹಡಿಯಲ್ಲಿ ಪೋರ್ಚುಗೀಸ್ ಗವರ್ನರುಗಳ ಮತ್ತು ವೈಸರಾಯರ ಚಿತ್ರಗಳು ಸಾಲಾಗಿ ತೂಗುತ್ತವೆ. 1650ರ ದಶಕದ ಮೊದಲರ್ಧದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿಯ ಕೋಟೆಗಳನ್ನು ಪೋರ್ಚುಗೀಸರಿಂದ ಕಸಿದುಕೊಂಡವನು ಶಿವಪ್ಪನಾಯಕ. ಮಲೆನಾಡಿನಿಂದ ಹೋದವರು ಆ ಸಾಲಿನ ಮುಂದೆ ನಿಂತು ಆ ವರ್ಷಗಳ ಮುಖಗಳನ್ನು ಹುಡುಕುವುದು ಸಹಜವೇ.