ಊರಿನ ಕಡತ ಬಿಚ್ಚಿದ ಮಕ್ಕಳು

ಜರ್ಮನಿಯ ರಾಷ್ಟ್ರಾಧ್ಯಕ್ಷರ ಹೆಸರಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಶಾಲಾ ಮಕ್ಕಳ ಇತಿಹಾಸ ಸಂಶೋಧನಾ ಸ್ಪರ್ಧೆ 1973ರಲ್ಲಿ ಆರಂಭವಾದಾಗ ಹಳೆಯ ಗಾಯ ಕೆದಕುವುದು ಅದರ ಉದ್ದೇಶವಾಗಿರಲಿಲ್ಲ. ಸ್ವಾತಂತ್ರ್ಯಕ್ಕಾಗಿ ಹೋರಾಡಿ ಸೋತ ಜನಸಾಮಾನ್ಯರಿಗೆ ದೇಶದ ಚರಿತ್ರೆಯಲ್ಲಿ ಜಾಗವಿಲ್ಲ ಎಂಬ ಕೊರಗು ಪಶ್ಚಿಮ ಜರ್ಮನಿಯ ಅಂದಿನ ಅಧ್ಯಕ್ಷ ಗುಸ್ಟಾವ್ ಹೈನೆಮಾನ್ ಅವರಿಗಿತ್ತು. ಹ್ಯಾಂಬರ್ಗಿನ ಉದ್ಯಮಿ ಕುರ್ಟ್ ಕೋರ್ಬರ್ ಅವರ ಪ್ರತಿಷ್ಠಾನ ಜೊತೆಗೂಡಿತು. ಅಂಥದೇ ಸೋತ ಹೋರಾಟವಾದ ಜರ್ಮನಿಯ 1848–49ರ ಕ್ರಾಂತಿಯೇ ಮೊದಲ ವಿಷಯವಾಯಿತು.

ಈ ಸ್ಪರ್ಧೆಯಲ್ಲಿ ಪುಸ್ತಕದ ಬದನೆಕಾಯಿಗೆ ಬೆಲೆಯಿಲ್ಲ. ಸೆಪ್ಟೆಂಬರ್‌ನಲ್ಲಿ ವಿಷಯ ಪ್ರಕಟವಾದ ಮೇಲೆ ಸುಮಾರು ಆರು ತಿಂಗಳು ವಿದ್ಯಾರ್ಥಿಗಳು ತಮ್ಮ ಊರು, ಶಾಲೆ ಅಥವಾ ಮನೆತನಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಹಿಡಿದು, ಪತ್ರಾಗಾರದ ಕಡತ ನೋಡಿ, ಆ ಕಾಲವನ್ನು ಕಣ್ಣಾರೆ ಕಂಡವರನ್ನು ಮಾತನಾಡಿಸಿ ಉತ್ತರ ಹುಡುಕಬೇಕು. ಪಾಠದ ದೃಷ್ಟಿಯಿಂದ ಮಾಡಿದ ಈ ಸಣ್ಣ ನಿಯಮವೇ ಮುಂದೆ ಸ್ಪರ್ಧೆಯ ದಿಕ್ಕನ್ನು ಬದಲಿಸಿತು ಎಂದು ನನಗನ್ನಿಸುತ್ತದೆ.

1980ರಲ್ಲಿ ‘ನಾಜಿ ಕಾಲದ ದಿನನಿತ್ಯದ ಬದುಕು’ ವಿಷಯವಾದಾಗ ಸುಮಾರು 13,000 ವಿದ್ಯಾರ್ಥಿಗಳು ಪಾಲ್ಗೊಂಡರು. ಬರ್ಲಿನ್ನಿನ ಹಿಟ್ಲರನ ಬಗ್ಗೆ ಬರೆಯುವುದು ಸುಲಭ. ಪಕ್ಕದ ಬೀದಿಯ ಯೆಹೂದಿ ವರ್ತಕನ ಅಂಗಡಿ ಯಾರ ಪಾಲಾಯಿತು, ಆಗ ನಗರಸಭೆಯಲ್ಲಿದ್ದವರು ಈಗ ಏನಾಗಿದ್ದಾರೆ ಎಂದು ಕೇಳುವುದು ಹಾಗಲ್ಲ, ಏಕೆಂದರೆ ಉತ್ತರ ಹೇಳಬೇಕಾದವರು ಅಜ್ಜನ ಓರಗೆಯವರು. ಬವೇರಿಯಾದ ಪಾಸಾವ್ ಪಟ್ಟಣದ ಅನ್ನಾ ರೋಸ್ಮಸ್ ಈ ಸ್ಪರ್ಧೆಗೆಂದು ತನ್ನೂರಿನ ಹಿಂದಿನದನ್ನು ಹುಡುಕಹೊರಟಾಗ ಕಡತಗಳ ಬಾಗಿಲು ಮುಚ್ಚಿಕೊಂಡಿತು. ಆಕೆ ನ್ಯಾಯಾಲಯದ ಮೆಟ್ಟಿಲೇರಿದರು, ಬೆದರಿಕೆಗಳನ್ನು ಎದುರಿಸಿದರು, 1983ರಲ್ಲಿ ಸಂಶೋಧನೆಯನ್ನು ಪುಸ್ತಕವಾಗಿ ಹೊರತಂದರು. ಮರುವರ್ಷ ಅದಕ್ಕೆ, ನಾಜಿಗಳನ್ನು ವಿರೋಧಿಸಿ ಪ್ರಾಣ ತೆತ್ತ ಅಣ್ಣ-ತಂಗಿಯ ಹೆಸರಿನ ಗೆಶ್ವಿಸ್ಟರ್ ಶೋಲ್ ಪುಸ್ತಕ ಪ್ರಶಸ್ತಿ ಬಂತು. ಊರು ಮುನಿಸಿಕೊಂಡರೂ ಸ್ಪರ್ಧೆ ನಿಲ್ಲಲಿಲ್ಲ. ಮುಂದಿನ ಸುತ್ತಿಗೆ ಯುದ್ಧದ ವರ್ಷಗಳನ್ನೇ ವಿಷಯವಾಗಿ ಕೊಡಲಾಯಿತು. ಇದುವರೆಗೆ 1.5 ಲಕ್ಷಕ್ಕೂ ಹೆಚ್ಚು ಮಂದಿ ಇದರಲ್ಲಿ ಭಾಗವಹಿಸಿದ್ದಾರೆ.

ಇಂಥ ಸ್ಪರ್ಧೆಗಳು ಯೂರೋಪಿನ ಇತರ ದೇಶಗಳಲ್ಲೂ ಹುಟ್ಟಿಕೊಂಡು, 2001ರಲ್ಲಿ ಅವುಗಳ ಒಕ್ಕೂಟವಾಗಿ ಯೂಸ್ಟೋರಿ ರೂಪುಗೊಂಡಿತು. ರಷ್ಯಾದಲ್ಲಿ, ಸೋವಿಯತ್ ಕಾಲದ ದಬ್ಬಾಳಿಕೆಗೆ ತುತ್ತಾದವರ ನೆನಪನ್ನು ದಾಖಲಿಸುವ ‘ಮೆಮೋರಿಯಲ್’ ಸಂಸ್ಥೆ 1999ರಿಂದ ನಡೆಸಿದ ಸ್ಪರ್ಧೆಗೆ ಹಳ್ಳಿಹಳ್ಳಿಗಳಿಂದ ಮಕ್ಕಳು ಸ್ಟಾಲಿನ್ ಕಾಲದ ಗಡೀಪಾರು, ಸೆರೆವಾಸಗಳ ಬಗ್ಗೆ ಮನೆಯವರಿಂದ ಕೇಳಿದ ಕಥೆಗಳನ್ನು ಬರೆದು ಕಳುಹಿಸುತ್ತಿದ್ದರು. ಅಲ್ಲಿ ವಿರೋಧ ಊರಿನ ಮುನಿಸಿಗೆ ನಿಲ್ಲಲಿಲ್ಲ. 2016ರ ಏಪ್ರಿಲ್‌ನಲ್ಲಿ ಮಾಸ್ಕೋದ ಬಹುಮಾನ ವಿತರಣೆಗೆ ಬಂದ ಅತಿಥಿಗಳತ್ತ ರಾಷ್ಟ್ರವಾದಿಗಳ ಗುಂಪೊಂದು ಮೊಟ್ಟೆ ಎಸೆಯಿತು; ಲೇಖಕಿ ಲುದ್ಮಿಲಾ ಉಲಿತ್ಸ್ಕಾಯಾ ಅವರ ಮುಖಕ್ಕೆ ಹಸಿರು ದ್ರಾವಣ ಎರಚಲಾಯಿತು. 2021ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೆಮೋರಿಯಲ್ ಸಂಸ್ಥೆಯನ್ನೇ ಮುಚ್ಚಲು ಆದೇಶಿಸಿತು.