ಹೊಂಡ ಎಣಿಸಿ ಬೇಟೆಗೆ ಅನುಮತಿ

ಅಮೆರಿಕದಲ್ಲಿ ಕಾಡುಬಾತು ಹೊಡೆಯುವ ಕೆಲವು ಬೇಟೆಗಾರರಿಗೆ ಸರ್ಕಾರದಿಂದ ಖಾಲಿ ಲಕೋಟೆ ಬರುತ್ತದೆ. ಹೊಡೆದ ಹಕ್ಕಿಯ ಒಂದು ರೆಕ್ಕೆ ಕತ್ತರಿಸಿ, ಅದರಲ್ಲಿಟ್ಟು ಅಂಚೆಗೆ ಹಾಕಬೇಕು. ವಿಚಿತ್ರ ಅನ್ನಿಸುತ್ತೆ, ಅಲ್ವಾ? ಗರಿಯ ಬಣ್ಣ, ತುದಿಯ ಸವೆತ ನೋಡಿಯೇ ತಿಳಿದವರು ಜಾತಿ ಯಾವುದು, ಗಂಡೋ ಹೆಣ್ಣೋ, ಈ ವರ್ಷದ ಮರಿಯೋ ಹಳೇ ಹಕ್ಕಿಯೋ ಹೇಳುತ್ತಾರೆ. ಮರಿಗಳ ರೆಕ್ಕೆ ಜಾಸ್ತಿ ಬಂದರೆ ಆ ವರ್ಷ ಮರಿಗಳು ಚೆನ್ನಾಗಿ ಬದುಕಿವೆ ಎಂದರ್ಥ. ಪೂರ್ತಿ ಹಾಗೂ ಅಲ್ಲ. ಅನುಭವವಿಲ್ಲದ ಮರಿಗಳು ಬಂದೂಕಿಗೆ ಸುಲಭವಾಗಿ ಸಿಗುತ್ತವೆ. ಆ ವ್ಯತ್ಯಾಸವನ್ನು ಕಾಲಿಗೆ ಉಂಗುರ ಹಾಕಿ ಬಿಟ್ಟ ಹಕ್ಕಿಗಳ ಲೆಕ್ಕದಿಂದ ಸರಿಮಾಡಿಕೊಳ್ಳುತ್ತಾರೆ.

ಈ ಎಚ್ಚರ ಸುಮ್ನೆ ಬಂದದ್ದಲ್ಲ. ಹಿಂಡು ಹಾರಿದರೆ ಆಕಾಶವೇ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕೊನೆಯದು, ಮಾರ್ತಾ, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂತು. ಕಾಡುಹಕ್ಕಿ ಹೊಡೆದು ಮಾರುವ ದಂಧೆಗೆ ಕಡಿವಾಣ ಬಿತ್ತು. ಬೇಟೆಗೆ ಇಂತಿಷ್ಟೇ ದಿನ, ದಿನಕ್ಕೆ ಇಂತಿಷ್ಟೇ ಹಕ್ಕಿ.

ಆದರೆ 1930ರ ದಶಕದ ಬರದಲ್ಲಿ ಮಿತಿ ಬಿಗಿ ಮಾಡಿದರೂ ಬಾತುಗಳು ಕಡಿಮೆಯಾಗುತ್ತಲೇ ಹೋದವು. ಮರಿ ಮಾಡಲು ನೀರೇ ಇರಲಿಲ್ಲ. ಇದ್ದ ಜೌಗನ್ನೂ ಬೇಸಾಯಕ್ಕೆಂದು ಬಸಿದು ಒಣಗಿಸಿದ್ದರು.

ಅಮೆರಿಕದ ಉತ್ತರ ಬಯಲಿನಿಂದ ಕೆನಡಾವರೆಗೆ ಹಿಮಯುಗದ ಹಿಮನದಿಗಳು ಬಿಟ್ಟುಹೋದ ಲಕ್ಷಾಂತರ ಸಣ್ಣ ಹೊಂಡಗಳಿವೆ. ದೊಡ್ಡ ಕೆರೆ ಇದ್ದರೆ ಇನ್ನೂ ಒಳ್ಳೆಯದಲ್ಲವೇ ಅನ್ನಿಸಬಹುದು. ಬಾತಿನ ಲೆಕ್ಕವೇ ಬೇರೆ. ಗೂಡು ಕಟ್ಟುವ ಕಾಲದಲ್ಲಿ ಗಂಡು ಬಾತಿಗೆ ಇನ್ನೊಂದು ಜೋಡಿ ಕಣ್ಣಿಗೆ ಬಿದ್ದರೂ ಆಗದು. ಹಾಗಾಗಿ ಹತ್ತು ಪುಟ್ಟ ಹೊಂಡಗಳಲ್ಲಿ ಒಂದು ಕೆರೆಗಿಂತ ಹೆಚ್ಚು ಜೋಡಿಗಳು ನೆಲೆ ನಿಲ್ಲುತ್ತವೆ. ಆಳವಿಲ್ಲದ ನೀರು ವಸಂತದಲ್ಲಿ ಬೇಗ ಬೆಚ್ಚಗಾಗಿ ಹುಳಹುಪ್ಪಟೆ ತುಂಬಿಕೊಳ್ಳುತ್ತದೆ. ಮೊಟ್ಟೆಯಿಡುವ ಹೆಣ್ಣಿಗೂ ಆಮೇಲೆ ಮರಿಗಳಿಗೂ ಅದೇ ಊಟ. ಮಳೆ ಕಮ್ಮಿಯಾಯಿತೋ, ಮೊದಲು ಒಣಗುವುದೂ ಇದೇ ಹೊಂಡ.

ಹಾಗಾಗಿ 1955ರಲ್ಲಿ ಶುರುವಾದ ಸಮೀಕ್ಷೆಯಲ್ಲಿ ವಿಮಾನದಲ್ಲಿ ತಗ್ಗಾಗಿ ಹಾರುತ್ತಾ ಬಾತುಗಳನ್ನು ಎಣಿಸುತ್ತಾರೆ, ಜೊತೆಗೆ ಹೊಂಡಗಳನ್ನೂ. 1995ರಿಂದ ಇದು ನೇರವಾಗಿ ನಿಯಮದೊಳಗೇ ಸೇರಿದೆ. ಒಂದು ಕೋಷ್ಟಕ. ಒಂದು ಬದಿಗೆ ಮಲ್ಲಾರ್ಡ್ ಬಾತುಗಳ ಸಂಖ್ಯೆ, ಇನ್ನೊಂದು ಬದಿಗೆ ಕೆನಡಾ ಬಯಲಿನ ಹೊಂಡಗಳ ಸಂಖ್ಯೆ. ಎರಡೂ ಸೇರುವ ಚೌಕ ಈ ಸಲ ಬೇಟೆ ಧಾರಾಳವೋ, ಸಾಧಾರಣವೋ, ಬಿಗಿಯೋ, ಬಂದ್ ಆಗಬೇಕೋ ಎಂದು ಹೇಳುತ್ತದೆ. ನನಗೆ ಇಡೀ ವ್ಯವಸ್ಥೆಯಲ್ಲಿ ಹಿಡಿಸಿದ್ದು ಇದೇ.

ಹೊಂಡ ಉಳಿಸಲು ದುಡ್ಡು? 1934ರಿಂದ ಬಾತು ಬೇಟೆಗಾರರು ಪ್ರತಿ ವರ್ಷ ಒಂದು ಸ್ಟಾಂಪ್ ಕೊಳ್ಳಲೇಬೇಕು. ಮೊದಲನೆಯದರ ಚಿತ್ರ ಬರೆದವರು ಪತ್ರಿಕೆಯ ವ್ಯಂಗ್ಯಚಿತ್ರಕಾರ ಡಿಂಗ್ ಡಾರ್ಲಿಂಗ್. ಆಗ 1 ಡಾಲರ್, ಈಗ 25. ಡಾಲರಿಗೆ 98 ಸೆಂಟ್ ಹಕ್ಕಿಗಳ ನೆಲೆಗೇ ಹೋಗುತ್ತದೆ.

1970ರಿಂದ ಉತ್ತರ ಅಮೆರಿಕ ಸುಮಾರು 300 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂದು 2019ರ ಅಧ್ಯಯನವೊಂದು ಹೇಳಿತು. ಆದರೆ ಅದೇ ಅವಧಿಯಲ್ಲಿ ಬಾತು, ಹೆಬ್ಬಾತುಗಳು ಶೇ. 56ರಷ್ಟು ಹೆಚ್ಚಾಗಿದ್ದವು. ಹುಲ್ಲುಗಾವಲಿನ ಹಕ್ಕಿಗಳು ಅರ್ಧಕ್ಕೂ ಕಡಿಮೆಯಾಗಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಬೇಟೆಯಾಡುವುದಿಲ್ಲ. ಅವು ಗೂಡು ಕಟ್ಟುತ್ತಿದ್ದ ಹುಲ್ಲಿನ ಜಾಗದಲ್ಲಿ ಈಗ ಹೊಲಗಳಿವೆ.