6 ವಾರದ ಮರಿ ಹುಂಜವೋ ಹೇಂಟೆಯೋ, ಯಾವ ತಳಿಯೋ?

ಓದುಗರ ಪ್ರಶ್ನೆ: ಹಿತ್ತಲಲ್ಲಿ 5 ಕೋಳಿಮರಿಗಳಿವೆ. ಈಗ 6 ವಾರ. ಕೊಟ್ಟವರಿಗೂ ತಳಿ ಗೊತ್ತಿಲ್ಲ. ಎರಡರ ಜುಟ್ಟು ಆಗಲೇ ಕೆಂಪಾಗುತ್ತಿದೆ, ಅದರಲ್ಲಿ ಒಂದರ ಬೆನ್ನು ಇನ್ನೂ ಬೋಳು. ಇವು ಯಾವ ತಳಿ, ಯಾವುದು ಹುಂಜ, ಯಾವುದು ಹೇಂಟೆ ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು ತಳಿ ನೋಡೋಣ. ಹುಂಜ-ಹೇಂಟೆ ಗುರುತಿಸುವುದು ಅದರ ಮೇಲೇ ನಿಂತಿದೆ. ಒಂದು ತಳಿಯಲ್ಲಿ ಕೆಂಪು ಜುಟ್ಟು ಅಂದರೆ ಹೆಚ್ಚುಕಡಿಮೆ ಹುಂಜವೇ. ಲೆಗ್‌ಹಾರ್ನ್‌ನಂಥ ತಳಿಯಲ್ಲಿ ಹೇಂಟೆಗೂ ದೊಡ್ಡ ಜುಟ್ಟು ಬರುತ್ತದೆ, ಅದೂ ಬೇಗ ಬರುತ್ತದೆ. ಅಲ್ಲಿ ಬರೀ ಜುಟ್ಟು ನೋಡಿ ಹೇಳಿದರೆ ಮೋಸ ಹೋಗುತ್ತೀರಿ.

ತಳಿ ಅಂದ ಕೂಡಲೇ ಎಲ್ಲರೂ ಬಣ್ಣ ನೋಡುತ್ತಾರೆ. ನಾನಂತೂ ಬಣ್ಣವನ್ನು ಕೊನೆಗೆ ನೋಡುತ್ತೇನೆ. ಹಳದಿ ತುಪ್ಪಳದ ಮರಿ ಎಷ್ಟೋ ತಳಿಗಳಲ್ಲಿ ಹುಟ್ಟುತ್ತದೆ, ಮೈ ಮೇಲೆ ಅಳಿಲಿನಂಥ ಪಟ್ಟೆ ಇರುವ ಮರಿಗಳೂ ಹಾಗೇ. ಮೊದಲು ಬರುವ ಪುಕ್ಕವೂ ಉಳಿಯುವುದಿಲ್ಲ, ಉದುರಿ ಬೇರೆ ಬರುತ್ತದೆ. ಅದಕ್ಕೇ ಬದಲಾಗದ ಅಂಗಗಳನ್ನು ನೋಡಬೇಕು.

ಮರಿಯನ್ನು ಕೈಯಲ್ಲಿ ಹಿಡಿದು ಕಾಲ್ಬೆರಳು ಎಣಿಸಿ. ಬಹುಪಾಲು ಕೋಳಿಗಳಿಗೆ ಕಾಲಿಗೆ 4 ಬೆರಳು. 5 ಇದ್ದರೆ ಹುಡುಕಾಟ ಒಮ್ಮೆಲೇ ಚಿಕ್ಕದಾಗುತ್ತದೆ: ಸಿಲ್ಕಿ, ಡಾರ್ಕಿಂಗ್, ಫಾವರೋಲ್, ಇನ್ನು ಕೆಲವು ಅಷ್ಟೇ. ಪುಕ್ಕ ಕೂದಲಿನಂತೆ ನವಿರಾಗಿದ್ದು ಚರ್ಮ ಕಪ್ಪಾಗಿದ್ದರೆ ಸಿಲ್ಕಿ ಎನ್ನಬಹುದು. ಕಾಲಿನ ಮೇಲೆ ಪುಕ್ಕ ಇದೆಯಾ? ಬ್ರಹ್ಮ ಅಥವಾ ಕೊಚ್ಚಿನ್ ಇರಬಹುದು. ಇವೆರಡನ್ನು ಬೇರೆ ಮಾಡುವುದು ಜುಟ್ಟು. ಕೊಚ್ಚಿನ್‌ಗೆ ಗರಗಸದಂತೆ ನೆಟ್ಟಗೆ ನಿಲ್ಲುವ ಒಂಟಿ ಜುಟ್ಟು. ಬ್ರಹ್ಮಕ್ಕೆ ತಲೆಗೆ ಅಂಟಿಕೊಂಡಂತೆ ಮೂರು ಸಾಲು ಸಣ್ಣ ಉಬ್ಬುಗಳಿರುವ ಬಟಾಣಿ ಜುಟ್ಟು. ಅಸೀಲ್‌ಗೂ ಬಟಾಣಿ ಜುಟ್ಟೇ, ಆದರೆ ಕಾಲು ಬರಿಗಾಲು, ನಿಲುವು ನೆಟ್ಟಗೆ. ಚರ್ಮ, ಕಾಲು, ಜುಟ್ಟು ಎಲ್ಲಾ ಕಪ್ಪಾಗಿದ್ದರೆ ಕಡಕನಾಥ್ ಕಡೆಯದು. ಬೋಳು ಕತ್ತಿನ ತಳಿಯ ಮರಿ ಮೊಟ್ಟೆಯಿಂದ ಹೊರಬರುವಾಗಲೇ ಕತ್ತು ಬೋಳಾಗಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಐದನೇ ಬೆರಳು, ಪುಕ್ಕದ ಕಾಲು, ಬಟಾಣಿ ಜುಟ್ಟು, ಬೋಳು ಕತ್ತು, ಇವೆಲ್ಲಾ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದರೂ ಮರಿಯಲ್ಲಿ ಕಾಣಿಸಿಕೊಳ್ಳುವ ಗುಣಗಳು. ಹಾಗಾಗಿ 5 ಬೆರಳಿದ್ದ ಮಾತ್ರಕ್ಕೆ ಶುದ್ಧ ಸಿಲ್ಕಿ ಅಂತಲ್ಲ, ಅದರ ರಕ್ತ ಎಲ್ಲೋ ಬೆರೆತಿದೆ ಅಂತ ಅಷ್ಟೇ. ನಾಲ್ಕಾರು ಬಗೆಯ ಕೋಳಿಗಳು ಒಟ್ಟಿಗೆ ಓಡಾಡುವ ಅಂಗಳದಲ್ಲಿ ಹುಟ್ಟಿದ ಮರಿಗೆ ಒಂದು ತಳಿಯ ಹೆಸರು ಅಂಟಿಸಲು ಹೋಗಬೇಡಿ. "ಬೆರಕೆ, ಆದರೆ ಬ್ರಹ್ಮದ ಕಾಲು" ಅಂದರೆ ಅದೇ ಸರಿಯಾದ ಉತ್ತರ.

ಇನ್ನು ಹುಂಜ-ಹೇಂಟೆ ವಿಷಯ. ಮೊಟ್ಟೆ ಚೂಪಾಗಿದ್ದರೆ ಹುಂಜ, ಉಂಗುರಕ್ಕೆ ದಾರ ಕಟ್ಟಿ ಮೇಲೆ ತೂಗಿದರೆ ಗೊತ್ತಾಗುತ್ತದೆ, ಮರಿಯನ್ನು ತಲೆಕೆಳಗು ಹಿಡಿದರೆ ಗೊತ್ತಾಗುತ್ತದೆ, ಇವನ್ನೆಲ್ಲಾ ಬಿಟ್ಟುಬಿಡಿ. ಕೋಳಿಯಲ್ಲಿ ಮರಿ ಗಂಡೋ ಹೆಣ್ಣೋ ಅನ್ನುವುದು ತಾಯಿಯ ಅಂಡದಲ್ಲೇ ತೀರ್ಮಾನ ಆಗಿರುತ್ತದೆ. ಚಿಪ್ಪು ಕಟ್ಟುವುದು ಆಮೇಲೆ. ಹಾಗಿದ್ದಮೇಲೆ ಚಿಪ್ಪಿನ ಆಕಾರ ಏನು ಹೇಳೀತು, ಅಲ್ವಾ? ಕಾವಿನ ಬಿಸಿ ಹೆಚ್ಚುಕಡಿಮೆ ಮಾಡಿ ಹೇಂಟೆ ಮಾತ್ರ ಬರುವಂತೆ ಮಾಡಲಿಕ್ಕೂ ಆಗುವುದಿಲ್ಲ.

ಹುಟ್ಟಿದ ದಿನವೇ ಹೇಳುವ ದಾರಿಗಳು ಇವೆ, ಆದರೆ ನಿಮಗೆ ಆ ಕಾಲ ದಾಟಿದೆ. ಗುದದ್ವಾರ ಬಿಡಿಸಿ ಒಳಗಿನ ಚಿಕ್ಕ ಉಬ್ಬನ್ನು ನೋಡುವ ವಿದ್ಯೆ 1920ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಕಲಿತವರ ಕೈಗೆ ಮಾತ್ರ ಅದು, ಮನೆಯಲ್ಲಿ ಪ್ರಯತ್ನಿಸಿದರೆ ಮರಿಯ ಕರುಳಿಗೇ ಪೆಟ್ಟಾಗಬಹುದು. ರೆಕ್ಕೆಯ ಗರಿಗಳ ಉದ್ದ ನೋಡಿ ಹೇಳುವುದು ಅದಕ್ಕೆಂದೇ ಜೋಡಿ ಮಾಡಿದ ಅಪ್ಪ ಅಮ್ಮನಿಗೆ ಹುಟ್ಟಿದ ಮರಿಗಳಲ್ಲಿ ಮಾತ್ರ ನಡೆಯುತ್ತದೆ, ಅದೂ ಮೊದಲ ಒಂದೆರಡು ದಿನ. ಪಟ್ಟೆ ಇಲ್ಲದ ಹುಂಜಕ್ಕೆ ಪಟ್ಟೆಯ ಹೇಂಟೆ ಕೂಡಿಸಿದರೆ ಹುಟ್ಟುವ ಗಂಡುಮರಿಗೆ ತಲೆ ಮೇಲೆ ಬಿಳಿ ಚುಕ್ಕೆ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಆದರೆ ಇದಕ್ಕೆ ಅಪ್ಪ ಅಮ್ಮ ಯಾರು ಅಂತ ಖಚಿತವಾಗಿ ಗೊತ್ತಿರಬೇಕು.

6 ವಾರಕ್ಕೆ ಬರೋಣ. ರೋಡ್ ಐಲ್ಯಾಂಡ್ ರೆಡ್, ಪ್ಲಿಮತ್ ರಾಕ್‌ನಂಥ ದಪ್ಪ ತಳಿಗಳಲ್ಲಿ ಈ ವಯಸ್ಸಿಗೆ ಜುಟ್ಟು ಅಗಲವಾಗಿ ಕೆಂಪೇರಿ, ಗದ್ದದ ಕೆಳಗಿನ ಜೋಲುತೊಗಲೂ ಕಾಣತೊಡಗಿದ್ದರೆ ಅದು ಹುಂಜ ಆಗುವುದೇ ಜಾಸ್ತಿ. ಹೇಂಟೆಯ ಜುಟ್ಟು ಇನ್ನೂ ಚಿಕ್ಕದಾಗಿ, ಮಾಸಲು ಹಳದಿಯಾಗಿ ಇರುತ್ತದೆ. ಇಂಥ ತಳಿಗಳ ಗಂಡುಮರಿಗೆ ಬೆನ್ನಿನ ಪುಕ್ಕ ತಡವಾಗಿ ಬರುತ್ತದೆ, ಕಾಲು ದಪ್ಪ ಇರುತ್ತದೆ. ನಿಮ್ಮ ಕೆಂಪು ಜುಟ್ಟಿನ, ಬೋಳು ಬೆನ್ನಿನ ಮರಿ ಹುಂಜ ಅಂತಲೇ ನನ್ನ ಅಂದಾಜು. ಆದರೆ ಬೆನ್ನನ್ನು ಹತ್ತಿರದಿಂದ ನೋಡಿ. ಮುರಿದ ಗರಿಯ ಬುಡಗಳು, ಗಾಯ ಇದ್ದರೆ ಪುಕ್ಕ ಬಂದಿಲ್ಲ ಅಂತಲ್ಲ, ಉಳಿದವು ಕುಕ್ಕಿ ಕಿತ್ತಿವೆ ಅಂತ. ಆಗ ಜಾಗ ಸಾಲುತ್ತಿಲ್ಲವೇನೋ ನೋಡಬೇಕು.

ಸ್ವಭಾವ ನೋಡಿ ಮಾತ್ರ ಹೇಳಬೇಡಿ. ನನ್ನಲ್ಲಿದ್ದ ಒಂದು ಮರಿ ಎದೆ ಸೆಟೆದು ಎಲ್ಲದರ ಮೇಲೂ ಎಗರುತ್ತಿತ್ತು. ಹುಂಜ ಅಂತಲೇ ನಂಬಿ ಬೇರೆಯವರಿಗೆ ಕೊಟ್ಟುಬಿಟ್ಟೆ. ಕೆಲವು ತಿಂಗಳಿಗೆ ಅದು ಮೊಟ್ಟೆ ಇಟ್ಟ ಸುದ್ದಿ ಬಂತು. ತುಂಬಾ ಹಚ್ಚಿಕೊಂಡಿದ್ದ ಮರಿ, ಇವತ್ತಿಗೂ ಬೇಸರವಾಗುತ್ತದೆ.

ನಾನು ನೆಚ್ಚುವುದು ಒಂದೇ ಗುರುತನ್ನು. ಸುಮಾರು 12 ವಾರದ ಹೊತ್ತಿಗೆ ಬಾಲದ ಬುಡದಲ್ಲಿ, ಬೆನ್ನು ಇಳಿಜಾರಾಗುವ ಕಡೆ, ಹೊಸ ಗರಿಗಳು ಹೊರಡುತ್ತವೆ. ಒಂದನ್ನು ಬೆರಳಲ್ಲಿ ಬಿಡಿಸಿ ನೋಡಿ. ತುದಿ ಚೂಪಾಗಿ, ಉದ್ದವಾಗಿ, ಹೊಳೆಯುತ್ತಾ ಪಕ್ಕಕ್ಕೆ ಇಳಿಬಿದ್ದರೆ ಹುಂಜ. ತುದಿ ದುಂಡಾಗಿದ್ದರೆ ಹೇಂಟೆ. ಕೆಲವು ಮರಿಗಳಲ್ಲಿ ಇದು ಇನ್ನೂ ಕೆಲವು ವಾರ ತಡ ಆಗುತ್ತದೆ, ಸುಮ್ನೆ ಅವಸರ ಮಾಡಬೇಡಿ. ಬಣ್ಣಬಣ್ಣದ ಬೆರಕೆ ಮರಿಗೆ ಭುಜದ ಮೇಲೆ ಅಲ್ಲಲ್ಲಿ ಕಡುಗೆಂಪು ತೇಪೆ ಎದ್ದರೆ ಅದೂ ಹುಂಜದ ಒಳ್ಳೆಯ ಸುಳಿವು. ಬೂದು ಪಟ್ಟೆಯ ಪ್ಲಿಮತ್ ರಾಕ್ ಆದರೆ ಇನ್ನೂ ಸುಲಭ: ಪಟ್ಟೆಯ ಗುಣ ಹುಂಜಕ್ಕೆ ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ, ಹೇಂಟೆಗೆ ಅಪ್ಪನಿಂದ ಮಾತ್ರ, ಅದಕ್ಕೇ ಹುಂಜ ತಿಳಿ ಬಣ್ಣ, ಹೇಂಟೆ ಕಡು ಬಣ್ಣ.

ಎರಡು ತಳಿಗಳಲ್ಲಿ ಈ ಗರಿಯ ಗುರುತೂ ಕೈಕೊಡುತ್ತದೆ. ಸೀಬ್ರೈಟ್‌ನಲ್ಲಿ ಹುಂಜಕ್ಕೂ ಹೇಂಟೆಯಂಥ ದುಂಡು ಗರಿಗಳೇ. ಸಿಲ್ಕಿಯ ಗರಿ ಕೂದಲಿನಂತಿರುವುದರಿಂದ ತುದಿಯೇ ಸರಿಯಾಗಿ ಕಾಣುವುದಿಲ್ಲ, ಅಲ್ಲಿ ಕೂಗೋ ಮೊಟ್ಟೆಯೋ ಬರುವ ತನಕ ಕಾಯಬೇಕಾಗಬಹುದು.

ಆದ್ದರಿಂದ ಈಗಲೇ ಯಾವ ಮರಿಯನ್ನೂ ಕೊಟ್ಟುಬಿಡಬೇಡಿ. ಐದೂ ಒಂದೇ ವಯಸ್ಸಿನವು, ಅದು ನಿಮಗೆ ದೊಡ್ಡ ಅನುಕೂಲ, ಒಂದರ ಪಕ್ಕ ಇನ್ನೊಂದನ್ನು ನಿಲ್ಲಿಸಿ ಹೋಲಿಸಬಹುದು. ಆದರೆ ಬೇರೆ ಬೇರೆ ತಳಿ ಅನ್ನಿಸಿದರೆ ಜುಟ್ಟನ್ನು ಹೋಲಿಸಬೇಡಿ. ವಾರಕ್ಕೊಮ್ಮೆ ಪಕ್ಕದಿಂದ ಒಂದು, ಬಾಲದ ಬುಡದ್ದೊಂದು ಫೋಟೋ ತೆಗೆದಿಡಿ. ಯಾವುದು ಯಾವುದು ಅಂತ ನೆನಪಿರಲು ಕಾಲಿಗೆ ಬೇರೆ ಬೇರೆ ಬಣ್ಣದ ಮೆತ್ತನೆಯ ದಾರ ಕಟ್ಟಿ. ಕಾಲು ಬೇಗ ದಪ್ಪ ಆಗುತ್ತದೆ, ಪ್ರತಿ ವಾರ ಬಿಚ್ಚಿ ಸಡಿಲ ಮಾಡಿ ಮತ್ತೆ ಕಟ್ಟಬೇಕು.